ತಿರುವಿನಲ್ಲಿ ಹಾರ್ನ್ ಹಾಕಬೇಡಿ

"ಹ್ವಾಯ್, ಇವತ್ತ್ ಬಪ್ಪತಿಗೆ ತಿರ್ವಲ್ಲ್ ಹಾರ್ನ್ ಹಾಕ್ಬೇಡಿ. ರೆಕಾರ್ಡ್ ಮಾಡುಕಿತ್ತ್."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಬೇರೆಯವರು ಹೋಗುವಾಗ ದೇವರ ಹೆಸರು ಹೇಳುತ್ತಾರಂತೆ. ಮಕ್ಕಳನ್ನು ನೋಡಿಕೊಳ್ಳಿ ಅನ್ನುತ್ತಾರಂತೆ. ನಮಗೆ ಮಕ್ಕಳಿಲ್ಲ. ಹಾರ್ನ್ ಇತ್ತು.

ನಾನು ಬೀಜಾಡಿಯವನು. ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿ ಮೀನು ಮಾರುತ್ತೇನೆ. ಹಾರ್ನ್ ಪೊಂ ಪೊಂ ಅಂದರೆ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಾರೆ. ನನ್ನ ಓದು ಕಡಿಮೆ. ಅವಳದ್ದು ಜಾಸ್ತಿ. ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು ಮನೆಯಲ್ಲೇ ಕೂತು ಡಿಗ್ರಿ ಮುಗಿಸಿದಳು. ಐವತ್ತರ ಹತ್ತಿರ ಎಂ.ಎ.ಗೆ ಸೇರಿದಳು. ಹಾಡು ಹೇಳುವ ಓದಲ್ಲ, ಕಟ್ಟುವ ಓದು. ಸಂಗೀತ ಸಂಯೋಜನೆ ಅಂತ ಹೆಸರು. ಕಾಲೇಜಿನ ಬೋರ್ಡಿನಲ್ಲಿ ಇನ್ನೂ ಉದ್ದ ಇತ್ತು.

ಅವಳು ಸೇರಿದ ದಿನದಿಂದ ನಮ್ಮಲ್ಲಿ ನಗುವಂಥದ್ದು ಆಗುತ್ತಲೇ ಇತ್ತು. ಈಗಲೂ ಆಗುತ್ತದೆ. ನಗುವುದಕ್ಕೆ ಜನ ಕಡಿಮೆ, ಅಷ್ಟೆ.

ಕಾಲೇಜಿನ ಬಾಗಿಲು

ಕಾಲೇಜಿಗೆ ಬ್ರಹ್ಮಾವರ ದಾಟಿ ಬಸ್ಸಿನಲ್ಲಿ ಹೋಗಬೇಕು. ಸಂದರ್ಶನದ ದಿನ ನಾನೂ ಹೋದೆ. ಬಾಗಿಲಿನ ವಾಚ್‌ಮನ್ ಅವಳನ್ನು ಒಳಗೆ ಬಿಟ್ಟ. ನನ್ನನ್ನು ತಡೆದ.

"ಪೇರೆಂಟ್ಸ್ ಎಲ್ಲ ಅಲ್ಲಿ ಕೂತ್ಕೊಳ್ಳಿ."

ಕೂತೆ. ಬದಿಯಲ್ಲಿ ಒಬ್ಬರು ಇಸ್ತ್ರಿ ಅಂಗಿಯ ಅಪ್ಪ. ಮಗಳನ್ನು ಕರೆತಂದಿದ್ದರು.

"ನಿಮ್ಮವಳಿಗೆ ಪಾಠ ಯಾರು ಹೇಳಿದ್ದು?" ಕೇಳಿದರು.

"ಯಾರಿಲ್ಲ. ಅಡಿಗೆ ಮಾಡ್ತಾ ಮಾಡ್ತಾ ಅವಳೇ ಓದಿದ್ದು."

"ಅಷ್ಟು ಸಣ್ಣವಳ ಹತ್ತಿರ ಅಡಿಗೆ ಮಾಡಿಸ್ತೀರಾ?"

"ಮದುವೆ ಆದಲ್ಲಿಂದ ಅವಳೇ ಮಾಡುದು."

ಅವರು ಎದ್ದು ಒಂದು ಕುರ್ಚಿ ಆಚೆ ಹೋಗಿ ಕೂತರು.

ಸಾರು

ಮನೆಯ ಶಬ್ದದಲ್ಲಿ ಸಂಗೀತ ಕಟ್ಟಿ ತನ್ನಿ ಅಂತ ಪಾಠ ಕೊಟ್ಟರಂತೆ. ಕಾಲೇಜಿನಿಂದ ರೆಕಾರ್ಡ್ ಮಾಡುವ ಒಂದು ಸಣ್ಣ ಯಂತ್ರ ತಂದಿದ್ದಳು. ಅರೆಯುವ ಕಲ್ಲಿನ ಬದಿಗೆ ಇಟ್ಟಳು. ಕಿವಿಗೆ ಹಾಕುವುದನ್ನು ಹಾಕಿ ಕಣ್ಣು ಮುಚ್ಚಿದಳು. ಕೇಳುವಾಗ ಅವಳು ಕಣ್ಣು ಮುಚ್ಚುವುದು. ಮಸಾಲೆ ಅರೆಯುವ ಕೆಲಸ ನನಗೆ ಬಂತು.

"ಮೆಲ್ಲ ಅರೀರಿ. ಹಾಂ, ಈಗ ಜೋರ್. ಈಗ ಕಾಯಿ ತೆಗ್ದ್ ಬರೀ ಕಲ್ಲ್ ತಿರ್ಗ್ಸಿ."

ತಿರುಗಿಸಿದೆ. ತಾಲೀಮು ಸಾಕು ಅಂತ ಯಂತ್ರದ ಗುಂಡಿ ಒತ್ತಿದಳು. ಎಲ್ಲ ಸರಿಯಾಗುವಾಗ ಅವಳೇ ಬಾಯಿ ಬಿಟ್ಟಳು. "ಉಪ್ಪ್ ಹಾಕಿದ್ರ್ಯಾ?"

ತಲೆಗೆ ಕೈ ಹೊಡೆದುಕೊಂಡಳು. "ಹಾಳಾಯ್ತ್. ನನ್ ಸ್ವರ ಬಂತ್. ಕತ್ರ್ಸುಕಾಯ್ತ್."

ಅವಳದ್ದು ಯಾವಾಗಲೂ ಹಾಗೆ. ಕಾಗೆ ಕೂಗಿದರೆ ಸಂಗೀತ. ನಾನು ಕೆಮ್ಮಿದರೂ ಎಲ್ಲಾದರೂ ಉಪಯೋಗಕ್ಕೆ ಬರುತ್ತಿತ್ತು. ಅವಳ ಮಾತು ಬಂದರೆ ಮಾತ್ರ ಹಾಳು. ಕೂತು ಕೂತು ಕತ್ತರಿಸಿ ತೆಗೆಯುತ್ತಿದ್ದಳು.

ಆ ಸಂಗೀತಕ್ಕೆ ಒಳ್ಳೆಯ ಮಾರ್ಕು ಬಂತು. ಸಾರನ್ನು ಬೆಕ್ಕೂ ಮುಟ್ಟಲಿಲ್ಲ.

ದುಃಖದ ಹಾರ್ನ್

ಅವಳಿಗೆ ಪಾಠ ಹೇಳುವ ಮೇಡಂ ಒಂದು ದಿನ ಮನೆಗೇ ಬಂದರು. ನನ್ನ ಹಾರ್ನ್ ಕೇಳಬೇಕಂತೆ. ಮಧ್ಯಾಹ್ನದ ಹೊತ್ತು. ಮೀನೆಲ್ಲ ಮಾರಿ ಪೆಟ್ಟಿಗೆ ತೊಳೆದಿಟ್ಟಿದ್ದೆ.

ಪೊಂ ಅನ್ನಿಸಿದೆ.

"ಚೆನ್ನಾಗಿದೆ. ಇನ್ನೊಮ್ಮೆ ಒತ್ತಿ. ಸ್ವಲ್ಪ ದುಃಖದಲ್ಲಿ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಹೇಳಿದಳು, "ಮೀನ್ ಸಿಕ್ದೆ ಬಂದ ದಿನ ಹ್ಯಾಂಗ್ ಒತ್ತುದ್, ಹಾಂಗ್ ಒತ್ತಿ."

"ಮೀನ್ ಸಿಕ್ದಿರೆ ಎಂತಕ್ ಒತ್ತುದ್?"

ಹಾಗೂ ಒತ್ತಿದೆ. ಓಣಿಯ ಹೆಂಗಸರೆಲ್ಲ ಪಾತ್ರೆ ಹಿಡಿದು ಬಂದರು. ಹಿಂದೆ ಬೆಕ್ಕು. ಬದಿಮನೆ ಅಕ್ಕ ಎಲ್ಲರಿಗಿಂತ ಮುಂದೆ. "ಎಂತ ಮೀನ್?"

ಮೀನಿಲ್ಲ, ದುಃಖಕ್ಕೆ ಒತ್ತಿದ್ದು ಅಂದೆ.

ಅಕ್ಕ ಶುರು ಮಾಡಿದರು. ಅಕ್ಕಿ ಒಲೆ ಮೇಲಿತ್ತು, ಅರ್ಧಕ್ಕೆ ಬಿಟ್ಟು ಬಂದೆ, ನಿನ್ನ ಮಂಡೆ ಸಮ ಇಲ್ಲ, ನಿನ್ನ ಹೆಂಡತಿಯದ್ದು ಮೊದಲೇ ಇಲ್ಲ. ಮೇಡಂ ಯಂತ್ರ ಹಿಡಿದು ಅವರ ಮುಂದೆಯೇ ನಿಂತಿದ್ದರು. ಕಡೆಗೆ ಹಾರ್ನ್ ಬಿಟ್ಟು ಅಕ್ಕನ ಬೈಗುಳವನ್ನೇ ಇಟ್ಟುಕೊಂಡರಂತೆ.

ಅದು ಗೊತ್ತಾದ ಮೇಲೆ ಅಕ್ಕ ಕೇಳಿದ್ದು ಒಂದೇ. "ಮತ್ತೊಂದ್ಸಲ ಬೈಯ್ಕಾ? ಆ ದಿನ ಗಂಟ್ಲ್ ಸಮ ಇರ್ಲಿಲ್ಲೆ."

ಸುಮ್ಮನೆ ಕೂತದ್ದು

ಕೊನೆಯ ಪರೀಕ್ಷೆಗೆ ನಮ್ಮ ಓಣಿಯ ಬೆಳಗಿನ ಶಬ್ದ ಹಿಡಿಯಬೇಕು ಅಂತ ಹೊರಟಳು. ಪ್ರತಿ ಸಲ ನಾನು ಕೆಡಿಸಿದೆ. ಒಮ್ಮೆ ಹಾರ್ನ್, ಒಮ್ಮೆ ಪೆಟ್ಟಿಗೆ ಇಳಿಸುವ ಶಬ್ದ, ಒಮ್ಮೆ "ಚಾ ಇತ್ತಾ" ಅಂತ ಕೂಗಿದ್ದು. ಆ ದಿನ ಮೊದಲೇ ಹೇಳಿಬಿಟ್ಟಳು, ಹಾರ್ನ್ ಹಾಕಬೇಡಿ ಅಂತ.

ಹಾಕಲಿಲ್ಲ. ತಿರುವಿನ ಆಚೆಯೇ ಇಂಜಿನ್ ಬಂದ್ ಮಾಡಿ ತಳ್ಳಿಕೊಂಡು ಬಂದೆ. ಕಿಟಕಿಯಲ್ಲಿ ಅವಳು ಕಾಣುತ್ತಿದ್ದಳು. ಕಿವಿಗೆ ಹಾಕುವುದನ್ನು ಹಾಕಿದ್ದಳು. ತಲೆ ಗೋಡೆಗೆ ಒರಗಿತ್ತು. ಕಣ್ಣು ಮುಚ್ಚಿತ್ತು. ಕೇಳುತ್ತಿದ್ದಾಳೆ ಅಂದುಕೊಂಡೆ. ತೆಂಗಿನ ಬುಡದಲ್ಲಿ ಕೂತೆ.

ಕಾಗೆ ಪೆಟ್ಟಿಗೆಗೆ ಬಂತು. ಶ್ ಅಂದೆ. ಅಕ್ಕ ಪಾತ್ರೆ ಹಿಡಿದು ಬಂದು "ಎಂತ ಮೀನ್?" ಅಂದರು. ಅವರಿಗೂ ಶ್ ಅಂದೆ. ಕಿಟಕಿ ತೋರಿಸಿದೆ. ಅವರೂ ಬಾಯಿ ಮುಚ್ಚಿ ನನ್ನ ಬದಿಗೆ ಕೂತರು. ಐಸು ಕರಗಿ ನೀರು ತೊಟ್ಟಿಕ್ಕುತ್ತಿತ್ತು. ಅದರ ಅಡಿಗೆ ಗೋಣಿಚೀಲ ಇಟ್ಟೆ, ಶಬ್ದ ಆಗದ ಹಾಗೆ. ಅವಳ ಇಡೀ ಓದಿನಲ್ಲಿ ನಾನು ಏನೂ ಕೆಡಿಸದ ದಿನ ಅದೊಂದೇ.

ಬಿಸಿಲು ನಮ್ಮ ಕಾಲಿಗೆ ಬಂತು. ಒಳಗೆ ಹೋದೆ.

ಹೃದಯ ನಿಂತದ್ದಂತೆ. ನೀವು ಬರುವುದಕ್ಕೆ ಮೊದಲೇ ಆಗಿಹೋಗಿತ್ತು ಅಂತ ಡಾಕ್ಟರು ಹೇಳಿದರು. ಸಮಾಧಾನಕ್ಕೆ ಹೇಳಿದ್ದಿರಬಹುದು. ಹಾಗಾದರೆ ನಾನು ಅಷ್ಟು ಹೊತ್ತು ಯಾರಿಗೆ ಹೆದರಿ ಸುಮ್ಮನೆ ಕೂತಿದ್ದೆ?

ಕತ್ತರಿಸದೆ ಉಳಿದದ್ದು

ಸೂತಕ ಕಳೆದ ಮೇಲೆ ಮತ್ತೆ ಮೀನಿಗೆ ಹೋದೆ. ತಿರುವಿನಲ್ಲಿ ಮಾತ್ರ ಹಾರ್ನ್ ಹಾಕುತ್ತಿರಲಿಲ್ಲ. ಇಂಜಿನ್ ಬಂದ್ ಮಾಡಿ ತಳ್ಳಿಕೊಂಡೇ ಬರುತ್ತಿದ್ದೆ. ಅಕ್ಕನಿಗೆ ದಿನಾ ಮೀನು ತಪ್ಪಿತು.

"ಹಾರ್ನ್ ಹಾಕ್ ಮಾರಾಯಾ. ನಾವ್ ಎಂತ ತಿಂಬುದ್?"

"ಹಾಕ್ಬೇಡಿ ಅಂದಿದ್ಲ್."

"ಅದ್ ಆ ದಿನಕ್ಕೆ ಹೇಳದ್ದಲ್ದಾ?"

"ಆ ದಿನ ಮುಗಿಲಿಲ್ಲೆ ಅಕ್ಕಾ."

ನನಗೆ ಅವಳ ಸ್ವರ ಒಮ್ಮೆ ಕೇಳಬೇಕಿತ್ತು. ಅಕ್ಕ ಅವಳ ಫೋನು ಒತ್ತಿ ಒತ್ತಿ ಹುಡುಕಿದರು. ಕಾಗೆ, ಕಲ್ಲು, ಕಡಲು, ನನ್ನ ಕೆಮ್ಮು, ಅಕ್ಕನ ಬೈಗುಳ. ಭಜನೆ ಇತ್ತು. ಎಲ್ಲರೂ ಒಟ್ಟಿಗೆ ಹಾಡಿದ್ದು, ಅದರಲ್ಲಿ ಅವಳದ್ದು ಬಿಡಿಸಲು ಬರಲಿಲ್ಲ. ಉಳಿದದ್ದೆಲ್ಲ ಅವಳೇ ಕತ್ತರಿಸಿದ್ದಳು.

ಆಗ ಮೇಡಂ ಬಂದರು. ಕೊನೆಯ ದಿನದ ರೆಕಾರ್ಡು ಒಂದು ಸೇರಿಸಿದರೆ ನಿಮ್ಮ ಹೆಂಡತಿಯ ಓದು ಮುಗಿದ ಹಾಗೆ, ಕೊಡುತ್ತೀರಾ ಅಂದರು. ಯಂತ್ರ ಆ ದಿನದಿಂದ ಕಪಾಟಿನಲ್ಲೇ ಇತ್ತು. ನನಗೆ ಥಟ್ಟನೆ ಹೊಳೆಯಿತು. ಅದೊಂದನ್ನು ಕತ್ತರಿಸಲು ಅವಳಿಗೆ ಪುರುಸೊತ್ತಾಗಲಿಲ್ಲ.

"ಕೊಡ್ತೆ. ನಾನೂ ಬಂದ್ ಕೇಳ್ಕ್" ಅಂದೆ.

ಹೋದೆ. ತಣ್ಣಗಿನ ಕೋಣೆ. ಆಳೆತ್ತರದ ಸ್ಪೀಕರು. ಹಿಂದಿನ ಸಾಲಿನಲ್ಲಿ ಕಾಲೇಜಿನ ಹುಡುಗರು. ದೂರದ ಊರಿನಿಂದ ಪರೀಕ್ಷೆ ಮಾಡುವವರು ಒಬ್ಬರು ಬಂದಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಬಾಗಿಲು ಬಂದ್ ಮಾಡಿ ರೆಕಾರ್ಡು ಹಾಕಿದರು.

ಮೊದಲು ಕುರ್ಚಿ ಕಿರ್ ಅಂದಿತು. ಅವಳು ಕೂತದ್ದು. ಆಮೇಲೆ ಕಡಲು. ಕಾಗೆ. ಬಹಳ ಹೊತ್ತಿಗೆ ದೂರದಲ್ಲಿ ಮೊಪೆಡ್ ಬಂದು ನಿಂತಿತು. ನಾನು ಕುರ್ಚಿಯ ತುದಿಗೆ ಬಂದೆ. ಈಗ ಮಾತಾಡುತ್ತಾಳೆ ಅಂತ. ಶ್ ಅಂತ ಕೇಳಿತು. ಎಂತ ಮೀನ್. ಶ್. ಮತ್ತೆ ಕಡಲು. ಮುಗಿಯಿತು. ನಾನು ಒಳಗೆ ಹೋದದ್ದನ್ನು ಮೇಡಂ ತೆಗೆದಿದ್ದರು.

ಅವಳದ್ದು ಅಂತ ಇದ್ದದ್ದು ಕುರ್ಚಿಯ ಶಬ್ದ ಒಂದೇ.

ಪರೀಕ್ಷೆಯವರು ಹೇಳಿದರು, "ಎಷ್ಟು ಸಂಯಮ. ಸಂಯೋಜಕಿ ಎಲ್ಲೂ ಮಧ್ಯೆ ಬರಲಿಲ್ಲ. ಇದು ದೊಡ್ಡ ದೊಡ್ಡವರಿಗೂ ಆಗುವುದಿಲ್ಲ. ಆ ಶ್ ಅನ್ನುವವರು ಯಾರು?"

ಎದ್ದು ನಿಂತೆ. "ನಾನು."

"ಆ ಗಳಿಗೆಯಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು?"

"ಐಸು ಕರಗ್ತದೆ ಅಂತ ಇತ್ತು."

ಹುಡುಗರೆಲ್ಲ ನಕ್ಕರು. ಅವರೂ ನಕ್ಕರು. ನನಗೂ ನಗು ಬಂತು. "ಸಂಯೋಜಕಿಯನ್ನೇ ಕೇಳೋಣ, ಎಲ್ಲಿದ್ದಾರೆ ಅವರು?" ಅಂದರು. ಮೇಡಂ ಬಗ್ಗಿ ಅವರ ಕಿವಿಯಲ್ಲಿ ಹೇಳಿದರು. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

ಆಮೇಲೆ ಆ ಕೋಣೆಯಲ್ಲಿ ಯಾರಿಗೂ ಶ್ ಅನ್ನಬೇಕಾಗಲಿಲ್ಲ.

ಪಾಸಾದಳು. ಮೇಡಂ ಬಸ್ ಸ್ಟಾಪಿನವರೆಗೆ ಬಂದು ಹೇಳಿದರು, ನಿಮ್ಮ ಹೆಂಡತಿಯ ರೆಕಾರ್ಡಿನ ಕೆಲಸ ಮುಗಿಯಿತು ಅಂತ.

ಮರುದಿನ ಬೆಳಿಗ್ಗೆ ತಿರುವಿನಲ್ಲಿ ಹಾರ್ನ್ ಹಾಕಿದೆ. ಅಕ್ಕ ಪಾತ್ರೆ ಹಿಡಿದು ಓಡಿ ಬಂದರು. ನನ್ನ ಮುಖ ನೋಡಿದರು, ಕಿಟಕಿ ನೋಡಿದರು. ಮೆಲ್ಲ ಕೇಳಿದರು, "ಎಂತ ಮೀನ್?"

"ಬಂಗ್ಡೆ" ಅಂದೆ. ದೊಡ್ಡ ಸ್ವರದಲ್ಲೇ ಅಂದೆ.