ಏಳು ಪಾಯಿಂಟ್ ಏಳು ಜನರ ಕಣ್ಣಿನ ಯೋಜನೆ

ಬೋಳಾರ, ಮಂಗಳೂರು
20 ಜೂನ್ 1965

ಮಾನ್ಯರೇ,

ಪ್ರಾದೇಶಿಕ ಜನಹಿತ ಸೇವಾ ಇಲಾಖೆಯ ಯೋಜನಾಧಿಕಾರಿಗಳಾದ ತಮಗೆ, ತಮ್ಮ ಮೇಜಿಗೆ, ಮೇಜಿನ ಗಾಜಿನಡಿ ಸುಖವಾಗಿ ಮಲಗಿರುವ ಈ ಸಾಲಿನ ವಾರ್ಷಿಕ ಯೋಜನೆಗೆ, ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟ ಪಿಯುಸ್‌ನ ಅನಂತ ವಂದನೆಗಳು. ಕಳೆದ ಜನವರಿಯಲ್ಲಿ ತಾವು ನನ್ನನ್ನು ಹದಿನೈದು ದಿನಗಳ ಮಟ್ಟಿಗೆ ಗಣತಿದಾರನಾಗಿ ನೇಮಿಸಿದ್ದು ತಮಗೆ ನೆನಪಿರಲಾರದು. ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಹಂಚಿನ ಕಾರ್ಖಾನೆಯಲ್ಲಾಗಲಿ ಸೋಡಾ ಅಂಗಡಿಯಲ್ಲಾಗಲಿ ನಾನು ಅಷ್ಟು ದಿನ ನಿಂತವನಲ್ಲ.

ಕಣ್ಣಿನ ಪೊರೆಯಿಂದ ದೃಷ್ಟಿ ಹೋದ ಬಡವರೆಷ್ಟು ಎಂದು ಎಣಿಸಿ ಬರುವುದು ನನ್ನ ಕೆಲಸವಾಗಿತ್ತು. ಬೋಳಾರದಿಂದ ಹೊರಟು, ದೋಣಿ ಹತ್ತಿ ಹೊಳೆ ದಾಟಿ, ತೊಕ್ಕೊಟ್ಟಿನವರೆಗೆ ಮನೆಮನೆ ಹೊಕ್ಕು, ಪ್ರತಿಯೊಬ್ಬರ ಮುಖದೆದುರು ಬೆರಳು ಹಿಡಿದು ಎಷ್ಟೆಂದು ಕೇಳಿ, ಅರವತ್ತಮೂರು ಜನರ ಹೆಸರು ಬರೆದು ತಂದೆ. ತಮ್ಮ ಹೆಡ್ ಕ್ಲಾರ್ಕ್ ನೂರ್ ಮುಹಮ್ಮದ್ ಸಾಹೇಬರು ನನಗೆ ಚಹಾ ತರಿಸಿಕೊಟ್ಟು, ಯೋಜನೆ ನಾನು ಮನೆಯಿಂದ ಹೊರಡುವ ಮೊದಲೇ ಟೈಪಾಗಿ ಹೋಗಿದೆ ಎಂಬ ಸಂತೋಷದ ಸುದ್ದಿ ತಿಳಿಸಿದರು. ಕಳೆದ ವರ್ಷ ಆಪರೇಷನ್ನಿಗೆ ಕಳುಹಿಸಿದ್ದು ಏಳು ಜನರನ್ನು. ಅದಕ್ಕೆ ಪದ್ಧತಿಯಂತೆ ಶೇಕಡಾ ಹತ್ತು ಕೂಡಿಸಿದರೆ ಈ ವರ್ಷಕ್ಕೆ ಏಳು ಪಾಯಿಂಟ್ ಏಳು ಜನ. ನಾನು ಹೋಗಿದ್ದು ಎಣಿಸುವುದಕ್ಕಲ್ಲ, ಅಷ್ಟೇ ಜನ ಇದ್ದಾರೆಂದು ದೃಢೀಕರಿಸುವುದಕ್ಕಂತೆ.

ಮಾನ್ಯರೇ, ಈ ಪದ್ಧತಿಯನ್ನು ಎಷ್ಟು ಹೊಗಳಿದರೂ ಸಾಲದು. ಸೃಷ್ಟಿಯ ಕೆಲಸ ದೇವರ ಬದಲು ತಮ್ಮ ಕಚೇರಿಯ ಕೈಯಲ್ಲಿದ್ದಿದ್ದರೆ ಆದಾಮ ಮತ್ತು ಏವೆಯ ಮರುವರ್ಷ ಲೋಕದಲ್ಲಿ ಎರಡು ಪಾಯಿಂಟ್ ಎರಡು ಜನ ಇರುತ್ತಿದ್ದರು. ತಮ್ಮನನ್ನು ಕೊಲ್ಲುವಷ್ಟು ಕೈ ಅವರ ಮಗ ಕಾಯಿನನಿಗೆ ಬೆಳೆಯುತ್ತಲೇ ಇರಲಿಲ್ಲ, ಲೋಕ ಎಷ್ಟು ಶಾಂತವಾಗಿರುತ್ತಿತ್ತು!

ನನ್ನ ಪಟ್ಟಿಯಲ್ಲಿ ನಮ್ಮ ನೆರೆಮನೆಯ ಮಗ್ದಲೀನ್ ಬಾಯಿಯವರೂ ಇದ್ದರು. ಇಪ್ಪತ್ತೆರಡು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ಇಡಿ ಬೀಜ ಬೇರೆ, ತುಂಡು ಬೇರೆ ಮಾಡಿದವರು. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಇಡಿಯಲ್ಲಿ ತುಂಡು ಸೇರತೊಡಗಿತು. ಮಳೆಗಾಲದೊಳಗೆ ಕಣ್ಣು ಸರಿಮಾಡಿಕೊಂಡು ಬಾರದಿದ್ದರೆ ಅವರ ಜಾಗ ಇನ್ನೊಬ್ಬಳಿಗೆ ಎಂದು ಮೇಸ್ತ್ರಿ ಹೇಳಿ ಕಳುಹಿಸಿದ್ದ. ಆದರೆ ತಮ್ಮ ಏಳು ಜಾಗ ನನ್ನ ಪಟ್ಟಿಯ ಮೊದಲ ಏಳು ಜನರಿಂದ ಆಗಲೇ ತುಂಬಿ, ಪಾಯಿಂಟ್ ಏಳು ಮಾತ್ರ ಉಳಿದಿತ್ತು.

ನೂರ್ ಮುಹಮ್ಮದ್ ಸಾಹೇಬರು ಕರುಣಾಳುಗಳು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಲೆಕ್ಕ ಹಾಕಿ, "ನೋಡು ಮಾರಾಯ, ಪಾಯಿಂಟ್ ಏಳರಲ್ಲಿ ಇಡೀ ಮನುಷ್ಯ ಹಿಡಿಯುದಿಲ್ಲ. ಒಂದು ಕಣ್ಣು ಅಂದ್ರೆ ಅರ್ಧ ಮನುಷ್ಯ, ಅದು ಹಿಡೀತದೆ. ಬಲಗಣ್ಣು ಕಾಣ್ತದೆ ಅಂತ ಬರಿ, ಎಡದ್ದು ನಾನು ಪಾಸು ಮಾಡಿಸ್ತೇನೆ" ಎಂದರು. ಕಾಣದ ಕಣ್ಣನ್ನು ಕಾಣುತ್ತದೆ ಎಂದು ನಾನು ಬರೆಯುವುದಿಲ್ಲ ಎಂದೆ. ಶಾಲೆ ಬಿಟ್ಟಿದ್ದೂ ಇಂಥದೇ ಕಾರಣಕ್ಕೆ. ಅದು ಬೇರೆ ಕಥೆ. ಆಪರೇಷನ್ನಿನ ಫಾರಂ ತಿರಸ್ಕೃತವಾಯಿತು.

ಇದನ್ನು ಮಗ್ದಲೀನ್ ಬಾಯಿಯವರಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಮೊರವನ್ನು ತಡಕಾಡಿ ಕೆಳಗಿಟ್ಟು, "ಒಳ್ಳೇದಾಯ್ತು, ಪುತಾ. ನಿನ್ನ ಸತ್ಯ ಎಷ್ಟು ಚಂದ ಉಂಟು ಅಂತ ನೋಡ್ಲಿಕ್ಕಾದರೂ ನನಗೆ ಒಂದು ಕಣ್ಣು ಬೇಕಿತ್ತಲ್ಲಾ" ಎಂದರು.

ಮಾನ್ಯರೇ, ತಮ್ಮ ಯೋಜನೆ ನನ್ನನ್ನು ನಗಿಸಿತ್ತು. ಈ ಮಾತು ನನ್ನನ್ನು ಎರಡು ದಿನ ಊಟಕ್ಕೆ ಕೂರಲು ಬಿಡಲಿಲ್ಲ. ಮೂರನೆಯ ದಿನ ಹೊಸ ಫಾರಂ ತೆಗೆದುಕೊಂಡು, ಎಡಗಣ್ಣಿನ ಕಾಲಂನಲ್ಲಿ 'ಕಾಣುವುದಿಲ್ಲ' ಎಂದು ಬರೆದು, ಬಲಗಣ್ಣಿನ ಕಾಲಂನಲ್ಲಿ ಏನನ್ನೂ ಬರೆಯದೆ ಕೊಟ್ಟೆ. ಸಾಹೇಬರು ಆ ಖಾಲಿ ಜಾಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕಚೇರಿಯ ದುಂಡು ಮೊಹರನ್ನು ಸರಿಯಾಗಿ ಆ ಖಾಲಿ ಜಾಗದ ಮೇಲೆಯೇ ಒತ್ತಿದರು. ಅವರು ಮೇ ಕೊನೆಗೆ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ಆದ್ದರಿಂದ ವಿವರಣೆ ಕೇಳುವುದಿದ್ದರೆ ನನ್ನನ್ನೇ ಕೇಳಬೇಕಾಗಿ ಪ್ರಾರ್ಥನೆ. ಅಂದು ಖಾಲಿ ಬಿಟ್ಟದ್ದನ್ನು ಇಂದು ಈ ಬಹಿರಂಗ ಪತ್ರದಲ್ಲಿ ಊರೆಲ್ಲ ಓದುವಂತೆ ತುಂಬುತ್ತಿದ್ದೇನೆ: ಮಗ್ದಲೀನ್ ಬಾಯಿಯವರ ಬಲಗಣ್ಣೂ ಕಾಣುವುದಿಲ್ಲ.

ಇನ್ನು ನನ್ನ ವಿನಂತಿಗಳು ಅತ್ಯಲ್ಪ. ನನ್ನ ಪಟ್ಟಿಯಲ್ಲಿ ಐವತ್ತೈದೂವರೆ ಜನ ಇನ್ನೂ ಬಾಕಿ ಇದ್ದಾರೆ. ಅವರ ಕಣ್ಣಿನ ಪೊರೆಗಳು ವರ್ಷಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ಬೆಳೆಯಕೂಡದೆಂದು ತಾವು ಒಂದು ಸುತ್ತೋಲೆ ಹೊರಡಿಸಬೇಕು. ಅದು ಸಾಧ್ಯವಿಲ್ಲವಾದರೆ, ಮುಂದಿನ ಸಲ ಮೊದಲು ಎಣಿಸಿ, ಆಮೇಲೆ ಟೈಪು ಮಾಡಿಸಬೇಕು. ಎರಡನೆಯದು ಹೆಚ್ಚು ಕಷ್ಟದ ಕೆಲಸವೆಂದು ನಾನು ಬಲ್ಲೆ.

ಇಂತು, ಯಾವ ಪಾಯಿಂಟೂ ಇಲ್ಲದೆ ಪೂರ್ತಿಯಾಗಿ,
ತಮ್ಮ ವಿಶ್ವಾಸಿ,
ಪಿಯುಸ್
(ಹದಿನೈದು ದಿನಗಳ ಮಾಜಿ ಗಣತಿದಾರ)

ತಾ.ಕ.: ಎಡಗಣ್ಣಿನ ಆಪರೇಷನ್ ಏಪ್ರಿಲ್‌ನಲ್ಲಿ ಮುಗಿದು, ಕಟ್ಟು ಬಿಚ್ಚಿ, ಮಗ್ದಲೀನ್ ಬಾಯಿಯವರು ದಪ್ಪ ಕನ್ನಡಕ ಹಾಕಿಕೊಂಡು ಮಳೆ ಹಿಡಿಯುವ ಮೊದಲೇ ಕಾರ್ಖಾನೆಗೆ ಮರಳಿದ್ದಾರೆ, ಅದಕ್ಕಾಗಿಯೇ ಈ ಪತ್ರ ಇಷ್ಟು ತಡ. ನಿಯಮ ಮೀರಿ ತೆಗೆದ ಪೊರೆಯನ್ನು ಮರಳಿ ಕೂರಿಸಲು ತಮ್ಮ ಯೋಜನೆಯಲ್ಲಿ ಅವಕಾಶವಿದ್ದರೆ ದಯವಿಟ್ಟು ಅವಸರ ಮಾಡಬೇಡಿ. ಬಲಗಣ್ಣಿನದನ್ನೂ ತೆಗೆಸಿಕೊಡಿ, ಆಮೇಲೆ ಎರಡನ್ನೂ ಒಟ್ಟಿಗೇ ವಶಪಡಿಸಿಕೊಳ್ಳಬಹುದು.