ಮದ್ದೂರು ಕಚೇರಿಯ ಟಿ.ವಿ.ಯಲ್ಲಿ ಅನುಮತಿಯಿಲ್ಲದೆ ಚಿತ್ರ ಬಂದಿರುವ ಬಗ್ಗೆ

ಉಪವಿಭಾಗ ಕಚೇರಿ, ಮದ್ದೂರು
ಸಂಖ್ಯೆ: ಉವಿಕ/ಸಿಬ್ಬಂದಿ/ಟಿವಿ/ಹಿಂಭಾಗ/17/2024-25
ದಿನಾಂಕ: 04-12-2024

ಸುತ್ತೋಲೆ

ವಿಷಯ: ಸಿಬ್ಬಂದಿ ವಿಶ್ರಾಂತಿ ಕೊಠಡಿಯ ಟಿ.ವಿ.ಗೆ ಸೆಟ್‌ಟಾಪ್ ಬಾಕ್ಸ್ ಜೋಡಣೆಯಾಗಿರುವ ಬಗ್ಗೆ, ಹಾಗೂ ಇನ್ನು ಮುಂದೆ ಚಿತ್ರ ಬಂದಲ್ಲಿ ಅನುಸರಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ: 1) ಡಿ ದರ್ಜೆ ನೌಕರರಾದ ಶ್ರೀಮತಿ ಮಂಗಳಮ್ಮ ಅವರ ರಜೆ ಅರ್ಜಿ, ದಿ. 18-11-2024 (ತಿರಸ್ಕೃತ)
2) ಸದರಿಯವರಿಗೆ ನೀಡಿದ ಕಾರಣ ಕೇಳುವ ನೋಟಿಸ್, ದಿ. 25-11-2024
3) ಸದರಿಯವರ ಬಾಯಿಮಾತಿನ ಹೇಳಿಕೆ, ದಿ. 27-11-2024 (ಬರೆದುಕೊಂಡವರು: ಅಧೀಕ್ಷಕ ಸಂಪತ್ ಕುಮಾರ)

1. ಕಳೆದ ಜುಲೈನಲ್ಲಿ ವಿಶ್ರಾಂತಿ ಕೊಠಡಿಗೆ ಸೆಟ್‌ಟಾಪ್ ಬಾಕ್ಸ್ ಮಂಜೂರಾಗಿ, ಚಾವಣಿಯ ಮೇಲೆ ಡಿಶ್ ನಿಲ್ಲಿಸಲಾಯಿತು. ಟಿ.ವಿ. ಬೇರೆ ಕಡತದಲ್ಲಿದ್ದ ಕಾರಣ ಒಂದು ತಿಂಗಳು ತಡವಾಗಿ ಬಂದಿತು. ಬಾಕ್ಸ್ ವಿದ್ಯುತ್ ಶಾಖೆಯದು, ಟಿ.ವಿ. ಉಗ್ರಾಣ ಶಾಖೆಯದು. ಇವೆರಡರ ನಡುವಿನ ವೈರು ಯಾವ ಶಾಖೆಯದು ಎಂದು ಮೇಲ್ಕಚೇರಿಯಿಂದ ಸ್ಪಷ್ಟೀಕರಣ ಕೋರಲಾಗಿದ್ದು, ನಿರೀಕ್ಷಿಸಲಾಗುತ್ತಿದೆ. ಅಲ್ಲಿಯವರೆಗೆ ಟಿ.ವಿ.ಯನ್ನು ಪ್ರತಿದಿನ ಊಟದ ವೇಳೆ ನಿಯಮಾನುಸಾರ ಚಾಲೂ ಮಾಡಲಾಗುತ್ತಿತ್ತು. ಸಿಬ್ಬಂದಿಯು ನೀಲಿ ಪರದೆಯನ್ನೂ ಅದರ ಮೇಲೆ ತೇಲುತ್ತಿದ್ದ ‘ನೋ ಸಿಗ್ನಲ್’ ಎಂಬ ಬರಹವನ್ನೂ ವೀಕ್ಷಿಸಿ ವಿಶ್ರಾಂತಿ ಪಡೆದಿರುತ್ತಾರೆ. ಯಾವುದೇ ದೂರು ಬಂದಿರುವುದಿಲ್ಲ.

2. ಬೆಸಗರಹಳ್ಳಿಯ ಶ್ರೀಮತಿ ಮಂಗಳಮ್ಮ ಅವರು ಹನ್ನೊಂದು ವರ್ಷಗಳಿಂದ ಈ ಕಚೇರಿಯಲ್ಲಿದ್ದು, ಅವರ ಮಗಳು ನಯನ ರಾಜ್ಯದ ಮಹಿಳಾ ಖೋ ಖೋ ತಂಡದ ಆಟಗಾರ್ತಿ. ಪಂದ್ಯಗಳು ಕೆಲಸದ ದಿನಗಳಲ್ಲೇ, ದೂರದ ಊರುಗಳಲ್ಲೇ ನಡೆಯುತ್ತಿದ್ದವು. ರಜೆಗೆ ಒಪ್ಪತಕ್ಕ ಕಾರಣಗಳ ಪಟ್ಟಿಯಲ್ಲಿ ಕಾಯಿಲೆ, ಮದುವೆ ಮತ್ತು ಸಾವು ಇವೆ. ‘ಮಗಳ ಆಟ’ ಇಲ್ಲ. ಹಾಗಾಗಿ ಆರು ವರ್ಷಗಳಲ್ಲಿ ಅವರ ಅರ್ಜಿಗಳು ಐದು ಬಾರಿ ತಿರಸ್ಕೃತವಾಗಿದ್ದು, ಮಗಳು ಆಡುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

3. ದಿ. 22-11-2024ರ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಾಗಪುರದಿಂದ ಅಂತಿಮ ಪಂದ್ಯದ ನೇರ ಪ್ರಸಾರವಿತ್ತು. ಸದರಿಯವರು ಅಧೀಕ್ಷಕರ ಮುಂದೆ ಹಾಜರಾಗಿ, “ಸಾ, ಒಂದ್ ಗಳ್ಗೆ ಆ ಟಿ.ವಿ.ಲಿ ನಮ್ ನಯನನ್ ಆಟ ಆಕ್ಕೊಡಿ ಸಾ. ಅಳ್ಳೀಲೂ ಕರೆಂಟಿಲ್ಲ, ಯಾರಾದ್ರೂ ನೋಡಿ ಯೋಳ್ತಾರೆ ಅನ್ನಂಗೂ ಇಲ್ಲ” ಎಂದು ಕೋರಿರುತ್ತಾರೆ.

ಅಧೀಕ್ಷಕರು, “ಅದರಲ್ಲಿ ಚಿತ್ರ ಬರಲ್ಲ ಕಣಮ್ಮ. ವೈರಿನ ಫೈಲು ಮೇಲಕ್ಕೆ ಹೋಗಿದೆ” ಎಂದು ಸರಿಯಾದ ಮಾಹಿತಿ ನೀಡಿರುತ್ತಾರೆ.

ಅದಕ್ಕೆ ಸದರಿಯವರು, “ಫೈಲು ಓಗ್ಲಿ ಬುಡಿ ಸಾ. ವೈರು ಇಲ್ಲೇ ನೇತಾಡ್ತಾ ಅದಲ್ಲಾ?” ಎಂದಿದ್ದು, ಈ ಪ್ರಶ್ನೆಯನ್ನೂ ಸ್ಪಷ್ಟೀಕರಣಕ್ಕಾಗಿ ಮೇಲ್ಕಚೇರಿಗೆ ಕಳುಹಿಸಲಾಗಿದೆ.

4. ನಂತರ ಸದರಿಯವರು ಸ್ಟೂಲು ಹಾಕಿಕೊಂಡು, ಯಾವುದೇ ಲಿಖಿತ ಆದೇಶವಿಲ್ಲದೆ ಟಿ.ವಿ.ಯ ಹಿಂಭಾಗಕ್ಕೆ ಕೈ ಹಾಕಿ, ಬಾಕ್ಸಿನಿಂದ ಇಳಿಬಿದ್ದಿದ್ದ ವೈರನ್ನು ತೂತಿಗೆ ಸೇರಿಸಿರುತ್ತಾರೆ. ಪರದೆ ನೀಲಿಯಾಗಿಯೇ ಉಳಿದಿದ್ದರಿಂದ ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದ್ದು, ಹದಿನಾಲ್ಕನೆಯ ಗುಂಡಿಗೆ ಚಿತ್ರವೂ ಶಬ್ದವೂ ಏಕಕಾಲಕ್ಕೆ ಬಂದಿವೆ. ಚಾನೆಲ್ ಹುಡುಕುವಷ್ಟರಲ್ಲಿ ಪಂದ್ಯ ಕೊನೆಯ ಸರದಿಗೆ ಬಂದಿತ್ತು.

5. ಶಬ್ದ ಕೇಳಿ ಎಲ್ಲ ಶಾಖೆಗಳ ಸಿಬ್ಬಂದಿ ಹಾಗೂ ಕೌಂಟರಿನ ಮುಂದಿದ್ದ ಸಾರ್ವಜನಿಕರು ಕೊಠಡಿಯಲ್ಲಿ ಜಮಾಯಿಸಿದರು. ಕೆಳಗೆ ಸಹಿ ಮಾಡಿರುವ ಅಧಿಕಾರಿ ಗದರಿಸುವ ಸಲುವಾಗಿ ಬಂದು, ಪರಿಶೀಲನೆಯ ಸಲುವಾಗಿ ನಿಂತರು. ರಾಜ್ಯದ ತಂಡ ಒಂದೇ ಅಂಕದಿಂದ ಮುಂದಿತ್ತು. ಓಡುವವರಲ್ಲಿ ನಯನ ಒಬ್ಬಳೇ ಉಳಿದಿದ್ದಳು. ಅರ್ಧ ನಿಮಿಷ ಯಾರ ಕೈಗೂ ಸಿಗದಿದ್ದರೆ ಗೆಲುವು. ಕಂಬದ ಬಳಿ ತಿರುಗುವಾಗ ಆಕೆ ಜಾರಿ ಬಿದ್ದಳು.

“ಏಳ್ ಮಗ! ಎದ್ದೋಡು! ಓಡು ಕಣ್ ಮಗ, ಓಡು!” ಎಂದು ಸದರಿಯವರು ಕೂಗಿದ್ದು, ಅದನ್ನು ಕಚೇರಿಯ ಆದೇಶವೆಂದು ಭಾವಿಸಿದ ಇಬ್ಬರು ಸಾರ್ವಜನಿಕರು ಬಸ್ ನಿಲ್ದಾಣದವರೆಗೆ ಓಡಿರುತ್ತಾರೆ. ನಯನ ಎದ್ದಳು. ಹಿಂದೆ ಬಂದವಳ ಬೆರಳು ಅಂಗಿಯ ಅಂಚಿನ ಹತ್ತಿರ ಗಾಳಿಯಲ್ಲೇ ಉಳಿದು, ಸಮಯ ಮುಗಿದ ಸೀಟಿ ಊದಲಾಯಿತು.

6. ಆಗ ಮಗಳ ಮುಖ ಪರದೆಯ ತುಂಬ ಕಾಣಿಸಿಕೊಂಡಿತು. ಗಲ್ಲ ತರಚಿ ರಕ್ತ ಬರುತ್ತಿತ್ತು. ಸದರಿಯವರು ಟಿ.ವಿ.ಯ ಹತ್ತಿರ ಹೋಗಿ ಆ ಜಾಗವನ್ನು ಸೆರಗಿನಿಂದ ಒರೆಸಿರುತ್ತಾರೆ. ಪರದೆಯ ಮೇಲೆ ಧೂಳು ಇರಲಿಲ್ಲವೆಂದು ಉಗ್ರಾಣ ಶಾಖೆಯು ಲಿಖಿತ ವರದಿ ನೀಡಿದೆ.

7. ನೋಟಿಸಿಗೆ ಉತ್ತರವಾಗಿ ಸದರಿಯವರು ನೀಡಿದ ಹೇಳಿಕೆ ಇದ್ದಂತೆಯೇ: “ವೈರಿತ್ತು, ತೂತಿತ್ತು, ಎರಡೂ ಒಂದೇ ಅಳ್ತೇಲಿದ್ವು. ಚುಚ್ಚುದೆ. ತಪ್ಪಾದ್ರೆ ಕಿತ್ತಾಕ್ಬುಡ್ತೀನಿ ಸಾ. ಆದ್ರೆ ನೋಡಿದ್ನ ಎಂಗೆ ವಾಪಸ್ ಕೊಡ್ಲಿ?”

8. ಮೇಲ್ಕಂಡ ಘಟನೆಯ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

ಅ) ಯಾವುದೇ ವೈರನ್ನು ಯಾವುದೇ ತೂತಿಗೆ, ಸರಿಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಸೇರಿಸತಕ್ಕದ್ದಲ್ಲ.

ಆ) ಟಿ.ವಿ.ಯ ಹಿಂಭಾಗವನ್ನು ನೋಡಬಯಸುವವರು ಶಾಖಾ ಮುಖ್ಯಸ್ಥರ ಮೂಲಕ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಹಿಂಭಾಗ ಗೋಡೆಗೆ ತಾಗಿದ್ದಲ್ಲಿ ಗೋಡೆಯ ಒಪ್ಪಿಗೆಯನ್ನು ಕಟ್ಟಡ ಶಾಖೆಯಿಂದ ಪಡೆಯತಕ್ಕದ್ದು.

ಇ) ರಿಮೋಟಿನ ನಲವತ್ತೊಂದು ಗುಂಡಿಗಳನ್ನು ಜ್ಯೇಷ್ಠತೆಯ ಆಧಾರದ ಮೇಲೆ ಹಂಚಲಾಗುವುದು. ಧ್ವನಿ ಏರಿಸುವ ಮತ್ತು ಇಳಿಸುವ ಗುಂಡಿಗಳನ್ನು ಒಬ್ಬರೇ ನೌಕರರು ಹೊಂದಿರತಕ್ಕದ್ದಲ್ಲ. ಹದಿನಾಲ್ಕನೆಯ ಗುಂಡಿಯನ್ನು ಬೀಗಮುದ್ರೆಯಲ್ಲಿ ಇಡಲಾಗಿದೆ.

ಈ) ಆಟಗಾರರಿಗೆ ಓಡುವಂತೆ ಸೂಚಿಸುವವರು ಓಡಬೇಕಾದವರ ಹೆಸರು, ತಂದೆಯ ಹೆಸರು ಮತ್ತು ಗ್ರಾಮವನ್ನು ಸ್ಪಷ್ಟವಾಗಿ ಕೂಗತಕ್ಕದ್ದು.

ಉ) ಪರದೆಯಲ್ಲಿ ಮಕ್ಕಳು ಬಿದ್ದಲ್ಲಿ ಎತ್ತಿಕೊಳ್ಳಲು ಧಾವಿಸುವ ನೌಕರರು ಮೂರು ಅಡಿ ಅಂತರ ಕಾಯ್ದುಕೊಳ್ಳತಕ್ಕದ್ದು. ತಾಯಂದಿರಿಗೆ ಒಂದು ಅಡಿ ರಿಯಾಯಿತಿ ಇದೆ.

ಊ) ಸದರಿ ಜೋಡಣೆಯನ್ನು ತಕ್ಷಣ ತೆಗೆಯತಕ್ಕದ್ದು. ಆದರೆ ವೈರಿನ ಒಡೆತನ ತೀರ್ಮಾನವಾಗುವವರೆಗೆ ಅದನ್ನು ಮುಟ್ಟುವ ಅಧಿಕಾರ ಯಾವ ಶಾಖೆಗೂ ಇಲ್ಲದ ಕಾರಣ, ಚಿತ್ರವು ಬರುತ್ತಲೇ ಇರತಕ್ಕದ್ದು.

9. ಶ್ರೀಮತಿ ಮಂಗಳಮ್ಮ ಅವರಿಗೆ ಎಚ್ಚರಿಕೆ ನೀಡಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ಎಚ್ಚರಿಕೆ ಪತ್ರವನ್ನು ಅವರಿಗೆ ಓದಿ ಹೇಳುವಾಗ ಅಧೀಕ್ಷಕರು ಎದ್ದು ನಿಂತಿದ್ದುದು ಕಚೇರಿ ಪದ್ಧತಿಯಲ್ಲವೆಂದು ಸ್ಪಷ್ಟಪಡಿಸಲಾಗಿದೆ.

(ಸಹಿ)
ರಘುನಂದನ್
ಉಪವಿಭಾಗಾಧಿಕಾರಿಗಳ ಪರವಾಗಿ, ಸ್ವತಃ ಉಪವಿಭಾಗಾಧಿಕಾರಿ

ಪ್ರತಿಗಳು:
1) ವಿದ್ಯುತ್ ಶಾಖೆಗೆ, ಬಾಕ್ಸಿನ ಮಟ್ಟಿಗೆ.
2) ಉಗ್ರಾಣ ಶಾಖೆಗೆ, ಟಿ.ವಿ.ಯ ಮಟ್ಟಿಗೆ.
3) ಓಡಿದ ಇಬ್ಬರು ಸಾರ್ವಜನಿಕರಿಗೆ, ವಾಪಸು ಬರಲು ಕೋರಿ.
4) ಮಳವಳ್ಳಿ ಕಚೇರಿಗೆ. ತಾವು ಫೋನಿನಲ್ಲಿ ಗುಟ್ಟಾಗಿ ಕೋರಿದ ವಿಷಯಕ್ಕೆ ಸಂಬಂಧಿಸಿದಂತೆ.
5) ಶ್ರೀಮತಿ ಮಂಗಳಮ್ಮ ಅವರಿಗೆ. ಬರುವ ಶನಿವಾರ ಸರ್ಕಾರಿ ಕರ್ತವ್ಯದ ಮೇಲೆ ಮಳವಳ್ಳಿಗೆ ತೆರಳಿ, ಅಲ್ಲಿನ ಟಿ.ವಿ.ಗೂ ಅದೇ ತಪ್ಪನ್ನು ಎಸಗಿ ಬರತಕ್ಕದ್ದು.