ಊಟಕ್ಕೆ ಎಷ್ಟು ಜನ?

ಜನರನ್ನು ಎಣಿಸಿ ಹೊಟ್ಟೆ ಹೊರೆಯುವವನು ತಮಾಷೆ ಹುಡುಕಿಕೊಂಡು ಹೋಗಬೇಕಿಲ್ಲ, ಅದು ಬಾಗಿಲಲ್ಲೇ ಸಿಗುತ್ತದೆ. ಐವತ್ತರ ದಶಕದ ಕೊನೆಗೆ ನನಗೆ ಉಡುಪಿಗೆ ವರ್ಗವಾಯಿತು. ಸರ್ಕಾರದ ಲೆಕ್ಕಕ್ಕಾಗಿ ಮನೆಮನೆಗೆ ಹೋಗಿ "ಇವತ್ತು ಊಟಕ್ಕೆ ಎಷ್ಟು ಜನ?" ಎಂದು ಕೇಳುವುದೇ ಕೆಲಸ. ನಾನು ಮಾತ್ರ ಬಾಡಿಗೆ ಕೋಣೆಯಲ್ಲಿ ಒಬ್ಬನೇ, ಊಟ ಹೋಟೆಲಿನ ಮೂಲೆಯಲ್ಲಿ. ಎದುರಿಗೆ ಯಾರಾದರೂ ಕೂತು ಉಂಡರೆ ಸಾಕಪ್ಪಾ ಎನಿಸುವಷ್ಟು ಬೇಸರವಿತ್ತು.

ಮೂರು ಮನೆ

ಮೊದಲು ದಿನಕ್ಕೆ ಮೂರೇ ಮನೆ ಆರಿಸಿ ಸರಾಸರಿ ತೆಗೆಯಬೇಕಿತ್ತು. ಸೋಮವಾರ ಒಂದು ದೊಡ್ಡ ಕೂಡುಕುಟುಂಬ ಸಿಕ್ಕಿ ಸರಾಸರಿ ಹನ್ನೊಂದಕ್ಕೆ ಏರಿತು. ಮಂಗಳವಾರ ಎರಡು, ಬುಧವಾರ ಒಂಬತ್ತು. ಸರಾಸರಿಗೊಂದರಂತೆ ನಕ್ಷೆಯಲ್ಲಿ ಇಟ್ಟ ಚುಕ್ಕಿಗಳು ಅಂಗಳದಲ್ಲಿ ಚೆಲ್ಲಿದ ಉದ್ದಿನ ಕಾಳಿನ ಹಾಗೆ ಕಂಡವು.

ನಮ್ಮ ಕಚೇರಿಯ ಸಾಹೇಬರು ಕನ್ನಡಕ ತೆಗೆದು ಕೇಳಿದರು: "ಎಂತ ಮಾರಾಯರೇ, ಉಡುಪಿಯವರೆಲ್ಲ ಮಂಗಳವಾರ ಬೊಂಬಾಯಿಗೆ ಹೋಗಿ ಬುಧವಾರ ವಾಪಸು ಬರ್ತಾರಾ?"

ಮೂವತ್ತು ಮನೆ

ಅದಕ್ಕೇ ಮುಂದೆ ಕಾಪುವಿನ ಕಡೆ ಒಂದು ಸರಾಸರಿಗೆ ಮೂವತ್ತು ಮನೆ ಎಂದಾಯಿತು. ಈಗ ಎಂಥ ಕುಟುಂಬ ಸಿಕ್ಕರೂ ಸರಾಸರಿ ಜಗ್ಗಲಿಲ್ಲ. ಪ್ರತಿ ಸಲವೂ ಆರರ ಆಸುಪಾಸು. ಚುಕ್ಕಿಗಳು ನಡುವೆ ರಾಶಿ ಬಿದ್ದವು.

ಉದ್ಯಾವರದ ಒಬ್ಬರು ಮುದಿ ಕ್ರೈಸ್ತ ಬಾಯಮ್ಮ "ನಾನೊಬ್ಬಳೇ" ಎಂದರು. "ನನ್ನನ್ನು ಬಿಟ್ಟರೆ ಎಂತ ಆಗ್ತದೆ?"

"ಮೂವತ್ತರಲ್ಲಿ ಒಂದು ಮನೆ, ಹೆಚ್ಚು ಗೊತ್ತಾಗುವುದಿಲ್ಲ" ಎಂದೆ.

"ಹಾಗಾದರೆ ನಿಮ್ಮ ಸರ್ಕಾರವೇ ವಾಸಿ. ಒಂದು ಭಾನುವಾರ ಇಗರ್ಜಿಗೆ ಹೋಗದಿದ್ದರೆ ನಮ್ಮ ಪಾದ್ರಿಗಳಿಗೆ ತಕ್ಷಣ ಗೊತ್ತಾಗ್ತದೆ."

ನಕ್ಕುಬಿಟ್ಟೆ. ಆಮೇಲೆ ದಾರಿಯಲ್ಲಿ, ನಾನು ಕಾಣೆಯಾದರೆ ಯಾರಿಗೆ ಗೊತ್ತಾದೀತು ಎಂದು ಯೋಚಿಸಿದೆ. ಹೋಟೆಲಿನವರ ಹೊರತು ಯಾವ ಹೆಸರೂ ಹೊಳೆಯಲಿಲ್ಲ.

ಒಬ್ಬರು ಹೆಚ್ಚು

ಕಾರ್ಕಳದಲ್ಲಿಯೂ ಮೂವತ್ತು ಮೂವತ್ತು ಮನೆ. ಚುಕ್ಕಿಗಳ ರಾಶಿ ಅಚ್ಚುಕಟ್ಟಾಗಿಯೇ ಬಿತ್ತು, ಆದರೆ ಆರರ ಬದಲು ಏಳರ ಮೇಲೆ. ಸಾಹೇಬರಿಗೆ ಸಂಶಯ ಬಂತು. ನಾನು ಮನೆಗಳಿಗೆ ಹೋಗದೆ ಕೂತಲ್ಲೇ ಬರೆದಿದ್ದೇನೆ ಎಂದುಕೊಂಡರು. ಕೆಲಸ ಹೋಗುವ ಮಾತು ಬಂತು. ಕೊನೆಗೆ ಪರೀಕ್ಷೆ ಮಾಡಲು ಅವರೇ ನನ್ನೊಡನೆ ಹೊರಟರು.

ಬಸ್ಸು ಕಾರ್ಕಳ ಮುಟ್ಟಿ, ನಾವು ನಡೆದು ಮೊದಲ ಮನೆ ತಲುಪುವಾಗ ಎಂದಿನಂತೆ ಮಧ್ಯಾಹ್ನ. ಕಳೆದ ಸಲ ಆ ಮನೆಯ ಅಮ್ಮ ಏಳು ಎಂದಿದ್ದರು. ಈಗ ಒಳಗೊಮ್ಮೆ, ನಮ್ಮನ್ನೊಮ್ಮೆ ನೋಡಿ "ಎಂಟು ಜನ" ಎಂದರು.

"ಹೋದ ವಾರ ಏಳಲ್ವಾ? ಯಾರು ಹೆಚ್ಚಾದದ್ದು?" ಸಾಹೇಬರು ಗದರಿದರು.

"ನೀವೇ. ಹೋದ ವಾರ ಇವರೊಬ್ಬರೇ ಬಂದದ್ದು. ಊಟದ ಹೊತ್ತಿಗೆ ಬಂದವರನ್ನು ಬಿಟ್ಟು ಎಣಿಸ್ಲಿಕ್ಕೆ ಉಂಟಾ? ಅಕ್ಕಿ ಹಾಕಿದ್ದೆ, ಇವರು ಬರೆದುಕೊಂಡು ಓಡಿದರು."

ಕಾಪುವಿನ ಕಡೆ ನಾನು ಹೋಗುತ್ತಿದ್ದುದು ಬೆಳಗ್ಗೆ, ಇಲ್ಲಿಗೆ ಮಾತ್ರ ಊಟದ ಹೊತ್ತಿಗೆ. ಊರಿಡೀ ಮನೆಗಳಲ್ಲಿ ನನ್ನನ್ನು ಸೇರಿಸಿಯೇ ಎಣಿಸಿದ್ದರು. ನಾನು ಸಂಕೋಚದಿಂದ ಹೊರಟುಬಂದು ಹೋಟೆಲಿನ ಮೂಲೆಯಲ್ಲಿ ಒಬ್ಬನೇ ಉಂಡಿದ್ದೆ.

ಅಮ್ಮ ಎರಡು ಎಲೆ ಹಾಕಿದರು. ಸಾಹೇಬರು ಕೂತು, ಎಲೆಗೆ ನೀರು ಚಿಮುಕಿಸುತ್ತ, "ಎಲ್ಲ ಮನೆಗಳಿಂದಲೂ ನಿಮ್ಮನ್ನು ಕಳೆಯಿರಿ" ಎಂದು ಅಪ್ಪಣೆ ಕೊಟ್ಟರು.

"ಉಂಡಾದ ಮೇಲೆ ಕಳೆಯುತ್ತೇನೆ ಸಾರ್" ಎಂದು ಅವರ ಎದುರಿಗೇ ಕೂತೆ.